‘ಇಲ್ಲಿಂದ ವಾಪಸ್’ ಎನ್ನುವವರು ಯಾರು?

ಶನಿವಾರದ ಬೆಳಗಿನ ಜಾವ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ಟೆಂಪೊ ಟ್ರಾವೆಲರ್‌ಗಳು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಸೀಟಿನಲ್ಲೇ ಕತ್ತು ವಾಲಿಸಿ ಅರೆಬರೆ ನಿದ್ದೆ ಮಾಡಿದವರು ಇಳಿದು, ಮುಖಕ್ಕೆ ನೀರು ಹಾಕಿಕೊಂಡು, ಹೋಟೆಲಿನಲ್ಲಿ ಇಡ್ಲಿ ತಿಂದು, ಎರಡು ಬಾಟಲಿ ನೀರು ಹೊತ್ತು ಕಾಡಿನ ದಾರಿ ಹಿಡಿಯುತ್ತಾರೆ. ಮೊದಲಿಗೆ ದಟ್ಟ ಕಾಡು, ಮರದ ಬೇರುಗಳೇ ಮೆಟ್ಟಿಲಾದ ಏರು. ಗಿರಿಗದ್ದೆಯ ಭಟ್ಟರ ಮನೆ ಬರುವಷ್ಟರಲ್ಲಿ ಗುಂಪು ಮೂರು ತುಂಡಾಗಿರುತ್ತದೆ. ಅಲ್ಲಿಂದಾಚೆ ನೆರಳಿಲ್ಲದ ಹುಲ್ಲಿನ ಗುಡ್ಡ, ಕಲ್ಲುಮಂಟಪ, ಶೇಷಪರ್ವತ. ಅದನ್ನು ಇಳಿದು ಮತ್ತೆ ಹತ್ತಿದರೆ ಕುಮಾರ ಪರ್ವತ. ಮಧ್ಯಾಹ್ನದ ಹೊತ್ತಿಗೆ ಶೇಷಪರ್ವತದ ನೆತ್ತಿಗೆ ಮೋಡ ಮುಸುಕುತ್ತದೆ. ಒಬ್ಬಳಿಗೆ ಮಂಡಿ ಹಿಡಿದುಕೊಂಡಿದೆ, ಇನ್ನೊಬ್ಬನ ಬಾಟಲಿ ಖಾಲಿ. ‘ಇನ್ನೆಷ್ಟು ದೂರ?’ ಎಂದು ಎದುರಾದವರನ್ನು ಕೇಳಿದರೆ ಸಿಗುವ ಉತ್ತರ ಯಾವತ್ತೂ ಒಂದೇ: ‘ಇಲ್ಲೇ, ಅರ್ಧ ಗಂಟೆ.’

ಆ ಹೊತ್ತಿನಲ್ಲಿ ಒಂದು ತೀರ್ಮಾನ ಆಗಬೇಕು. ಮುಂದೆ ಹೋಗುವುದೋ, ಹಿಂದಿರುಗುವುದೋ? ಅದನ್ನು ಹೇಳಬೇಕಾದವರು ನಗರದಿಂದ ಜೊತೆಗೆ ಬಂದ ಟ್ರೆಕ್ ಲೀಡರೋ, ಊರಿನ ಗೈಡೋ, ದುಡ್ಡು ಕಟ್ಟಿ ಬಂದ ಗುಂಪಿನ ಬಹುಮತವೋ? ಚಾರಣಕ್ಕೆ ಗೈಡ್ ಕಡ್ಡಾಯ ಇರಬೇಕೇ ಬೇಡವೇ ಎಂಬ ಚರ್ಚೆ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮಲ್ಲಿ ಏಳುತ್ತದೆ, ಬೇಸಿಗೆಯ ಹೊತ್ತಿಗೆ ತಣ್ಣಗಾಗುತ್ತದೆ. ಆ ಚರ್ಚೆ ಈ ತೀರ್ಮಾನದ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಗೈಡ್ ಇದ್ದರೂ ‘ಇಲ್ಲಿಂದ ವಾಪಸ್’ ಎನ್ನುವ ಅಧಿಕಾರ ಅವನಿಗೆ ಇಲ್ಲದಿದ್ದರೆ ಅವನಿದ್ದು ಪ್ರಯೋಜನ ಕಡಿಮೆ. ಗೈಡ್ ಇಲ್ಲದೆಯೂ ಆ ತೀರ್ಮಾನವನ್ನು ಸರಿಯಾಗಿ ಮಾಡಲು ಬೇಕಾದ ಮಾಹಿತಿ ನಡೆಯುವವರ ಕೈಯಲ್ಲಿದ್ದರೆ ಅವರು ತಾವಾಗಿಯೇ ಹೋಗಿಬರಬಹುದು. ನಮ್ಮ ಪಶ್ಚಿಮ ಘಟ್ಟದಲ್ಲಿ ಇವತ್ತು ಎರಡೂ ಅರ್ಧಂಬರ್ಧ ಇವೆ.

ದಾರಿಯೇ ಗೈಡ್ ಆಗಿರುವ ಕಡೆ

ಗೈಡ್ ಬೇಡ ಎನ್ನುವವರು ಸಾಮಾನ್ಯವಾಗಿ ಯುರೋಪಿನ ಉದಾಹರಣೆ ಕೊಡುತ್ತಾರೆ. ಉದಾಹರಣೆ ಸುಳ್ಳಲ್ಲ. ಸ್ಕಾಟ್ಲೆಂಡಿನ ‘ವೆಸ್ಟ್ ಹೈಲ್ಯಾಂಡ್ ವೇ’ ಎಂಬ ಕಾಲುದಾರಿ 1980ರಲ್ಲಿ ತೆರೆಯಿತು. ಗ್ಲಾಸ್ಗೋ ನಗರದ ಅಂಚಿನಿಂದ ಬೆಟ್ಟಸೀಮೆಯ ಫೋರ್ಟ್ ವಿಲಿಯಂವರೆಗೆ 154 ಕಿ.ಮೀ. ಅದರ ಉದ್ದ. ಜನ ಇದನ್ನು ಸುಮಾರು ಒಂದು ವಾರದಲ್ಲಿ ನಡೆಯುತ್ತಾರೆ, ಹೆಚ್ಚಿನವರ ಜೊತೆ ಯಾವ ಗೈಡೂ ಇರುವುದಿಲ್ಲ. ಟ್ರಾವೆಲ್ ಕಂಪನಿಯವರು ಪ್ರತಿ ರಾತ್ರಿಯ ವಸತಿ ಕಾದಿರಿಸುತ್ತಾರೆ, ನಕ್ಷೆ ಮತ್ತು ದಾರಿಯ ಟಿಪ್ಪಣಿ ಕೊಡುತ್ತಾರೆ, ದೊಡ್ಡ ಬ್ಯಾಗನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ತಲುಪಿಸುತ್ತಾರೆ. ಪ್ರವಾಸಿಗರು ಮಳೆಕೋಟು, ಬುತ್ತಿ, ನೀರು ಇಟ್ಟುಕೊಂಡು ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಸ್ವಯಂ ಚಾರಣದ ರಜೆ ಎಂದರೆ ಇದೇ.

ಇದು ಹೇಗೆ ಸಾಧ್ಯವಾಗಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕವಲು ಬಂದಲ್ಲೆಲ್ಲ ಮುಳ್ಳುಗಿಡದ ಹೂವಿನ ಗುರುತು ಹೊತ್ತ ಕಂಬಗಳು ನಿಂತಿವೆ. ಪ್ರತಿ ಬೇಲಿ, ಪ್ರತಿ ತೊರೆ ಕಾಣುವಷ್ಟು ವಿವರವಾದ ಸರ್ಕಾರಿ ಸರ್ವೆ ನಕ್ಷೆ ಅಂಗಡಿಯಲ್ಲಿ ಸಿಗುತ್ತದೆ. ಬೆಟ್ಟಕ್ಕೆಂದೇ ಪ್ರತ್ಯೇಕ ಹವಾಮಾನ ಮುನ್ಸೂಚನೆ ದಿನವೂ ಬರುತ್ತದೆ. ದಾರಿ ತಪ್ಪಿದರೆ, ಕಾಲು ಮುರಿದರೆ ಒಂದು ಕರೆ ಸಾಕು, ಸ್ವಯಂಸೇವಕರ ಪರ್ವತ ರಕ್ಷಣಾ ತಂಡ ಹೊರಡುತ್ತದೆ. ಇವೆಲ್ಲದರ ಕೆಳಗೆ ಕಾನೂನಿನ ಬುನಾದಿ ಇದೆ: 2003ರ ಸ್ಕಾಟ್ಲೆಂಡಿನ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೇ ಆಗಲಿ ಬಹುಪಾಲು ಜಮೀನಿನ ಮೇಲೆ ನಡೆದಾಡುವ ಹಕ್ಕನ್ನು ಕೊಟ್ಟಿದೆ. ಸ್ವಿಟ್ಜರ್ಲೆಂಡಿನಲ್ಲಂತೂ ಸುಮಾರು 65,000 ಕಿ.ಮೀ. ಉದ್ದದ ಕಾಲುದಾರಿಗಳಿಗೆ ಫಲಕ ಹಾಕಿದ್ದಾರೆ. ಹಳದಿ ಫಲಕದ ಮೇಲೆ ಸಾಮಾನ್ಯವಾಗಿ ಬರೆಯುವುದು ನಡೆಯಲು ಹಿಡಿಯುವ ಹೊತ್ತನ್ನು, ದೂರವನ್ನಲ್ಲ. ಕಡಿದಾದ ಬೆಟ್ಟದಾರಿಗೆ ಬಿಳಿ-ಕೆಂಪು-ಬಿಳಿ ಪಟ್ಟೆ, ಅದಕ್ಕಿಂತ ಕಷ್ಟದ ದಾರಿಗೆ ಬಿಳಿ-ನೀಲಿ-ಬಿಳಿ. ಬಣ್ಣ ನೋಡಿದರೆ ಸಾಕು, ‘ಇದು ನನ್ನ ಕೈಲಾಗದು’ ಎಂದು ಮೊದಲ ಬಾರಿಗೆ ಬಂದವನೂ ತೀರ್ಮಾನಿಸಬಲ್ಲ.

ಅಂದರೆ ಅಲ್ಲಿ ಗೈಡಿನ ಕೆಲಸ ಇಲ್ಲವಾಗಿಲ್ಲ. ಒಬ್ಬ ಅನುಭವಿಯ ತಲೆಯಲ್ಲಿ ಇರುವುದನ್ನೆಲ್ಲ ಕಂಬ, ಫಲಕ, ನಕ್ಷೆ, ಮುನ್ಸೂಚನೆ, ರಕ್ಷಣಾ ತಂಡ ಎಂದು ನೆಲದ ಮೇಲೆ ಹಂಚಿ ಇಟ್ಟಿದ್ದಾರೆ. ಇದಕ್ಕೆ ದಶಕಗಳ ದುಡಿಮೆ ಹಿಡಿದಿದೆ. ನಮ್ಮ ಯುವಕರು ಅಲ್ಲಿನ ಸ್ವಾತಂತ್ರ್ಯವನ್ನು ಮೆಚ್ಚುವಾಗ ಅದರ ಹಿಂದಿನ ಈ ಏರ್ಪಾಟು ಕಣ್ಣಿಗೆ ಬೀಳುವುದಿಲ್ಲ. ಚೆನ್ನಾಗಿ ಮಾಡಿದ ಏರ್ಪಾಟು ಕಣ್ಣಿಗೆ ಬೀಳುವುದೂ ಕಡಿಮೆ.

ಘಟ್ಟದ ಲೆಕ್ಕ ಬೇರೆ

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ಕುದುರೆಮುಖ ಶಿಖರ ರಾಷ್ಟ್ರೀಯ ಉದ್ಯಾನದಲ್ಲಿ. ಎರಡೂ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳ ಪೈಕಿ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥಲ್ಲಿಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ನಡೆದಾಡುವ ಹಕ್ಕು ಎಂಬುದು ಇಲ್ಲಿ ಇಲ್ಲ, ಇರುವುದು ಪರವಾನಗಿ. ಇದು ಸರಿಯೂ ಹೌದು. ಆನೆ, ಕಾಟಿ, ಕಾಳಿಂಗ ಸರ್ಪಗಳ ಮನೆಯನ್ನು ಕುರಿ ಮೇಯುವ ಸ್ಕಾಟ್ಲೆಂಡಿನ ಗುಡ್ಡದ ಜೊತೆ ಹೋಲಿಸಿ ಹಕ್ಕು ಕೇಳುವುದು ನ್ಯಾಯವಲ್ಲ.

ಹೊತ್ತಿನ ಲೆಕ್ಕವೂ ಬೇರೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸರಳ ಸೂತ್ರವೊಂದನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಐದು ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಸುಬ್ರಹ್ಮಣ್ಯದ ಬುಡದಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ದೂರ ಒಂದು ಕಡೆಗೆ ಹನ್ನೆರಡು ಕಿ.ಮೀ. ಎಂದಿಟ್ಟುಕೊಂಡರೂ ಎಲ್ಲಿಯೂ ನಿಲ್ಲದೆ ಹತ್ತಲು ಐದು ಗಂಟೆ ಬೇಕು. ಆ ಸೂತ್ರ ಬರೆದದ್ದು ತಂಪು ನಾಡಿನ ಗಟ್ಟಿಮುಟ್ಟಾದವರನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಸೆಕೆ, ಬೆವರು, ನಿದ್ದೆಗೆಟ್ಟ ರಾತ್ರಿ, ಫೋಟೊಗೆ ನಿಲ್ಲುವುದು, ಹಿಂದುಳಿದವರಿಗೆ ಕಾಯುವುದು ಎಲ್ಲ ಸೇರಿದರೆ ಏಳು ಗಂಟೆಯೂ ಆದೀತು. ಇಳಿಯುವಾಗ ಮಂಡಿಗಳು ಸೋತಿರುತ್ತವೆ, ಆಗಲೂ ನಾಲ್ಕೈದು ಗಂಟೆ ಬೇಕು. ಸ್ಕಾಟ್ಲೆಂಡಿನ ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಅಲ್ಲಿ ಎರಡು ಗಂಟೆ ತಡವಾದರೆ ಊಟ ತಡವಾಗುತ್ತದೆ ಅಷ್ಟೆ. ನಮ್ಮಲ್ಲಿ ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಅರ್ಧ ಗಂಟೆಯೊಳಗೆ ಕಾಡಿನಡಿ ಕಗ್ಗತ್ತಲು. ಗಿರಿಗದ್ದೆಯಿಂದ ಕೆಳಗಿನ ಬೇರುಗಳ ದಾರಿಯನ್ನು ಮೊಬೈಲ್ ಟಾರ್ಚಿನಲ್ಲಿ ಇಳಿಯಬೇಕಾದ ಗತಿ ಬರುವುದು ಯಾರೋ ದಾರಿ ತಪ್ಪಿದ್ದರಿಂದಲ್ಲ. ಮಧ್ಯಾಹ್ನ ಒಂದು ಗಂಟೆಗೆ ಆಗಬೇಕಿದ್ದ ತೀರ್ಮಾನ ಮೂರು ಗಂಟೆಗೆ ಮುಂದೂಡಲ್ಪಟ್ಟದ್ದರಿಂದ.

ಮಳೆಗಾಲದ ಕುದುರೆಮುಖದ ಕಡೆ ಹಳ್ಳಗಳದ್ದೇ ಒಂದು ಅಧ್ಯಾಯ. ಮುಳ್ಳೋಡಿಯಿಂದ ಹೊರಟವರು ಶಿಖರ ಸೇರುವ ಮುನ್ನ ಹಲವು ಹಳ್ಳ ದಾಟುತ್ತಾರೆ. ಘಟ್ಟದ ಹಳ್ಳಗಳ ಜಲಾನಯನ ಚಿಕ್ಕದು, ಕಡಿದು. ಮೇಲೆ ಸುರಿದ ಮಳೆ ಹೊತ್ತುಗಳೆಯದೆ ಕೆಳಗಿಳಿಯುತ್ತದೆ; ನಿಂತಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಅನುಭವಿ ಗೈಡ್ ದಾಟುವ ಮುನ್ನ ನೀರಿನ ಬಣ್ಣ ನೋಡುತ್ತಾನೆ. ತಿಳಿಯಾಗಿದ್ದ ನೀರು ಕದಡಿದೆಯೇ, ತರಗೆಲೆ ಕಡ್ಡಿ ತೇಲಿಬರುತ್ತಿವೆಯೇ, ಬೆಳಿಗ್ಗೆ ನೀರಿನ ಮೇಲೆ ತಲೆಯೆತ್ತಿದ್ದ ಕಲ್ಲು ಈಗ ಮುಳುಗಿದೆಯೇ? ಹೌದಾದರೆ ಮೇಲೆ ಮಳೆ ಹೊಡೆದಿದೆ ಎಂದರ್ಥ. ಈಗ ಸೊಂಟಕ್ಕೆ ಬಂದ ನೀರು ವಾಪಸಾಗುವಾಗ ಎದೆಗೆ ಬರುತ್ತದೆ. ಈ ಓದು ಯಾವ ಫಲಕದಲ್ಲೂ ಇಲ್ಲ, ಯಾವ ಆ್ಯಪ್‌ನಲ್ಲೂ ಇಲ್ಲ. ಆ ಹಳ್ಳದ ದಡದಲ್ಲಿ ಬೆಳೆದವರಿಗೆ ಮಾತ್ರ ಗೊತ್ತು.

ಶಮೊನಿಯ ದುರಂತ

ಗೈಡ್ ಎಂಬ ವೃತ್ತಿ ವೃತ್ತಿಯಾಗಿ ರೂಪುಗೊಂಡದ್ದೇ ಈ ವಾಪಸಾತಿಯ ಪ್ರಶ್ನೆಯ ನೆರಳಿನಲ್ಲಿ. 1820ರಲ್ಲಿ ರಷ್ಯಾದ ಆಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಹಾಮೆಲ್ ಎಂಬವನು ಮೋಂಟ್ ಬ್ಲಾಂಕ್ ಏರಲು ಫ್ರಾನ್ಸಿನ ಗಡಿಯ ಶಮೊನಿ ಕಣಿವೆಗೆ ಬಂದ (ಆ ಕಣಿವೆ ಆಗ ಸಾರ್ಡೀನಿಯಾ ರಾಜನ ಆಳ್ವಿಕೆಯಲ್ಲಿತ್ತು). ಹವಾಮಾನ ಕೆಟ್ಟಿತ್ತು, ಹೊಸ ಹಿಮ ಬಿದ್ದಿತ್ತು. ಮುಂದುವರಿಯಲು ಗೈಡ್‌ಗಳಿಗೆ ಮನಸ್ಸಿರಲಿಲ್ಲ. ದುಡ್ಡು ಕೊಟ್ಟವನ ಒತ್ತಾಯಕ್ಕೆ ಮಣಿದು ಹೊರಟರು. ಹಿಮಕುಸಿತದಲ್ಲಿ ಮೂವರು ಗೈಡ್‌ಗಳು ಬಿರುಕಿನೊಳಗೆ ಬಿದ್ದು ಸತ್ತರು. ನಾಲ್ಕು ದಶಕಗಳ ನಂತರ, 1861ರಲ್ಲಿ, ಹಿಮನದಿ ಅವರ ಅವಶೇಷಗಳನ್ನು ಬುಡಕ್ಕೆ ತಂದು ಹಾಕಿತು. ಆ ದುರಂತದ ಮರುವರ್ಷ, 1821ರಲ್ಲಿ, ಶಮೊನಿಯ ಗೈಡ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. ಸರದಿಯ ಪ್ರಕಾರ ಕೆಲಸ, ಸತ್ತವರ ಮತ್ತು ಗಾಯಗೊಂಡವರ ಕುಟುಂಬಕ್ಕೆ ನೆರವಿನ ನಿಧಿ. ಆ ಸಂಘ ಇಂದಿಗೂ ಇದೆ.

ಸರದಿಯ ನಿಯಮ ಮೇಲ್ನೋಟಕ್ಕೆ ಕೂಲಿ ಹಂಚಿಕೆಯ ವ್ಯವಸ್ಥೆಯಂತೆ ಕಾಣುತ್ತದೆ. ಅದರ ಫಲ ಅದಕ್ಕಿಂತ ದೊಡ್ಡದು. ಕೆಲಸಕ್ಕಾಗಿ ಗಿರಾಕಿಯ ಮುಖ ನೋಡಬೇಕಾಗಿಲ್ಲದ ಗೈಡ್ ‘ಬೇಡ’ ಎನ್ನಬಲ್ಲ. ನಾಳೆಯ ಕೂಲಿ ಇವತ್ತಿನ ಗಿರಾಕಿಯ ಮರ್ಜಿಯ ಮೇಲೆ ನಿಂತಿರುವ ಗೈಡ್ ಹಾಗೆನ್ನಲಾರ. ಎರಡು ಶತಮಾನ ಹಳೆಯ ಈ ವಿಷಯ ನಮ್ಮ ಘಟ್ಟದಲ್ಲಿ ಇವತ್ತು ಚರ್ಚೆಯಾಗಬೇಕಾದದ್ದು.

ಟಿಕೆಟ್ಟಿನ ಜೊತೆ ಬರುವ ಗೈಡ್

2024ರ ಗಣರಾಜ್ಯೋತ್ಸವದ ದೀರ್ಘ ವಾರಾಂತ್ಯದಲ್ಲಿ ಕುಮಾರ ಪರ್ವತದ ಏರಿನಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಚಾರಣ ಪಥಕ್ಕೆ ದಿನಕ್ಕೆ ಹೆಚ್ಚೆಂದರೆ 300 ಜನ ಎಂಬ ಮಿತಿ ಬಂತು. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಹುಲ್ಲುಗಾವಲಿನ ಮಣ್ಣು ತೆಳು. ಹೆಜ್ಜೆ ಬಿದ್ದು ಹುಲ್ಲಿನ ಬೇರು ಸತ್ತಲ್ಲಿ ಮೊದಲ ಮಳೆಗೇ ಕಾಲುದಾರಿ ಕಾಲುವೆಯಾಗುತ್ತದೆ; ಕೆಸರಾಯಿತೆಂದು ಜನ ಪಕ್ಕಕ್ಕೆ ಸರಿದು ನಡೆದರೆ ಮುಂದಿನ ವರ್ಷಕ್ಕೆ ಎರಡು ಕಾಲುವೆ. ಜನ ಕಡಿಮೆಯಾದರೆ ಗುಡ್ಡ ಉಸಿರಾಡುತ್ತದೆ.

ಆದರೆ 300 ಎಂಬುದು ಜನಸಂಖ್ಯೆಯ ಮಿತಿ. ಆ 300 ಜನ ಯಾವ ಸ್ಥಿತಿಯಲ್ಲಿ, ಎಷ್ಟು ಹೊತ್ತಿಗೆ, ಯಾರ ಮಾತು ಕೇಳಿ ನಡೆಯುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ. ದೊಡ್ಡ ಗುಂಪಿಗೆ ಒಬ್ಬನೇ ಗೈಡ್ ಇದ್ದಾಗ ಅವನು ಮುಂದೆ ನಡೆದರೆ ಹಿಂದಿನವರಿಗೆ ದಿಕ್ಕಿಲ್ಲ, ಹಿಂದೆ ನಡೆದರೆ ಮುಂದಿನವರಿಗೆ ಲಗಾಮಿಲ್ಲ. ನಗರದ ಆಯೋಜಕರ ಟ್ರೆಕ್ ಲೀಡರ್ ಹೆಚ್ಚಾಗಿ ಉತ್ಸಾಹಿ ಯುವಕ ಅಥವಾ ಯುವತಿ. ಗುಂಪನ್ನು ನಗಿಸುವುದು, ಬಸ್ಸಿಗೆ ಹತ್ತಿಸುವುದು ಅವರಿಗೆ ಬರುತ್ತದೆ, ಗುಡ್ಡ ಗೊತ್ತಿರುವುದು ಸ್ಥಳೀಯನಿಗೆ. ಇಬ್ಬರ ಅಭಿಪ್ರಾಯ ಬೇರೆಯಾದಾಗ ಯಾರ ಮಾತು ನಡೆಯಬೇಕು ಎಂದು ಎಲ್ಲಿಯೂ ಬರೆದಿರುವುದಿಲ್ಲ. ‘ಅಣ್ಣಾ, ಇಷ್ಟು ದೂರ ಬಂದಿದೀವಿ, ಇನ್ನೊಂದು ಸ್ವಲ್ಪ ಅಲ್ವಾ’ ಎಂದು ಇಪ್ಪತ್ತು ಜನ ಕೇಳಿಕೊಂಡಾಗ ದಿನಗೂಲಿಯ ಸ್ಥಳೀಯ ಯುವಕ ಗಟ್ಟಿಯಾಗಿ ನಿಲ್ಲುವುದು ಹೇಗೆ? ಕುಮಾರ ಪರ್ವತದಂಥ ಕಡೆ ಮಳೆಗಾಲದಲ್ಲೂ ಕಾಳ್ಗಿಚ್ಚಿನ ತಿಂಗಳುಗಳಲ್ಲೂ ದಾರಿ ಮುಚ್ಚುವುದರಿಂದ ಅವನ ದುಡಿಮೆಯ ಕಾಲವೇ ಕೆಲವು ತಿಂಗಳು.

ಗೈಡ್ ಇದ್ದರೆ ಎಲ್ಲವೂ ಸುಸೂತ್ರ ಎಂದು ಹೇಳುತ್ತಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು, ಜೊತೆಗೆ ಸ್ಥಳೀಯ ಗೈಡ್‌ಗಳೂ ಇದ್ದರು. ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಈ ನೋವನ್ನು ಮುಂದಿಟ್ಟು ‘ಗೈಡ್ ಇದ್ದೂ ಏನಾಯಿತು?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು. ಎತ್ತರದ ಹಿಮಾಲಯದಲ್ಲಿ ಹವಾಮಾನ ಯಾರನ್ನೂ ಕೇಳಿ ಬದಲಾಗುವುದಿಲ್ಲ; ಅತ್ಯಂತ ಸಮರ್ಥ ತಂಡವೂ ಸಿಕ್ಕಿಬೀಳಬಹುದು. ಅದಕ್ಕಾಗಿಯೇ ತಂಡ ಎಷ್ಟು ದೊಡ್ಡದಿರಬೇಕು, ಯಾವ ಮುನ್ಸೂಚನೆ ಬಂದರೆ ಶಿಬಿರದಿಂದ ಹೊರಡಬಾರದು, ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂಬುದು ಮನೆ ಬಿಡುವ ಮುನ್ನವೇ ತೀರ್ಮಾನವಾಗಿರಬೇಕು. ಬಿರುಗಾಳಿಯ ನಡುವೆ ಕುಳಿತು ಚರ್ಚಿಸುವ ವಿಷಯ ಅದಲ್ಲ.

ಮೊಬೈಲ್ ಇದೆ, ಮತ್ಯಾಕೆ?

ಈಗಿನ ಪ್ರಬಲ ಆಕ್ಷೇಪ ಮೊಬೈಲಿನದು. ಹಿಂದೆ ಹೋದವರ ಜಿಪಿಎಸ್ ಜಾಡು ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ಕಾಣುತ್ತದೆ, ಮತ್ತೊಬ್ಬರಿಗೆ ಯಾಕೆ ದುಡ್ಡು ಕೊಡಬೇಕು? ಜಾಡು ಉಪಯುಕ್ತ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜನವರಿಯಲ್ಲಿ ಒಬ್ಬರು ನಡೆದ ಗೆರೆ ಜುಲೈಯ ಹಳ್ಳದ ಬಗ್ಗೆ ಏನೂ ಹೇಳದು. ನಿಷೇಧಿತ ಕಾಡಿನೊಳಗಿಂದ ಹೋದವರ ಗೆರೆಯೂ ಪರದೆಯ ಮೇಲೆ ಅಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಎಲ್ಲಿದ್ದೇವೆ ಎಂಬುದನ್ನು ಅದು ತಿಳಿಸುತ್ತದೆ, ಅಲ್ಲಿ ಇರಬೇಕೇ ಬೇಡವೇ ಎಂಬುದನ್ನು ತಿಳಿಸುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಕಾಡಿಗೆ ಹೋಗುವುದೇ ಏಕಾಂತಕ್ಕೆ, ಗಲಾಟೆಯಿಂದ ದೂರ ಇರುವುದಕ್ಕೆ. ಹಿಂದೆ ಮುಂದೆ ಕಾವಲು ಇಟ್ಟುಕೊಂಡು ನಡೆಯುವುದರಲ್ಲಿ ಏನು ಸುಖ? 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂದು ನೇಪಾಳ ಘೋಷಿಸಿದಾಗಲೂ ಇದೇ ಮಾತು ಎದ್ದಿತ್ತು. ಎವರೆಸ್ಟ್ ಸೀಮೆಯ ಸ್ಥಳೀಯ ಆಡಳಿತವೇ ಆ ನಿಯಮವನ್ನು ಒಪ್ಪಲಿಲ್ಲ. ಏಕಾಂತದ ಆಸೆ ನ್ಯಾಯವಾದದ್ದು, ಅದನ್ನು ಹುಡುಗಾಟ ಎಂದು ತಳ್ಳಿಹಾಕುವ ಅಧಿಕಾರಿಗಳು ತಪ್ಪು ಮಾಡುತ್ತಾರೆ. ನನ್ನ ಉತ್ತರ ಇಷ್ಟೆ: ಏಕಾಂತವನ್ನು ಕೆಡಿಸುವುದು ನಲವತ್ತು ಜನರ ಗುಂಪು ಮತ್ತು ಬ್ಲೂಟೂತ್ ಸ್ಪೀಕರ್. ನಾಲ್ಕು ಜನರ ಜೊತೆ ಸುಮ್ಮನೆ ನಡೆಯುವ ಒಬ್ಬ ಮಲೆಕುಡಿಯ ಗೈಡ್ ಅದನ್ನು ಕೆಡಿಸುವುದಿಲ್ಲ. ಕುದುರೆಮುಖದ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಆ ಸಮುದಾಯಕ್ಕೆ ರಾಷ್ಟ್ರೀಯ ಉದ್ಯಾನದ ನಿಯಮಗಳು ಬದುಕಿನ ಹಳೆಯ ದಾರಿಗಳನ್ನು ಬಿಗಿ ಮಾಡಿವೆ. ಕಾಡು ಬಲ್ಲವರಿಗೆ ಕಾಡಿನಲ್ಲೇ ಗೌರವದ ಕೆಲಸ ಸಿಗುವುದಾದರೆ ಅದಕ್ಕೆ ತೆರುವ ಹಣ ದಂಡವಲ್ಲ.

ಕೆಲವು ದಾರಿಗಳನ್ನಾದರೂ

ಗೈಡ್ ಇಲ್ಲದೆ ನಡೆಯಬೇಕೆಂಬವರಿಗೆ ಎಂದೆಂದಿಗೂ ಬಾಗಿಲು ಮುಚ್ಚಬೇಕಾಗಿಲ್ಲ. ಅಭಯಾರಣ್ಯದ ಹೊರಗೆ, ಕಾಫಿ ತೋಟ ಮತ್ತು ಹಳ್ಳಿಗಳ ನಡುವೆ, ಆನೆ ಓಡಾಟ ಇಲ್ಲದ ಕೆಲವು ದಾರಿಗಳನ್ನು ಆರಿಸಿ ಕಂಬ ನೆಡಬಹುದು, ಹೊತ್ತು ಬರೆದ ಫಲಕ ಹಾಕಬಹುದು, ಊರೂರಿನ ಹೋಂಸ್ಟೇಗಳನ್ನು ಜೋಡಿಸಬಹುದು. ಮಲೆನಾಡಿನಲ್ಲಿ ಹೋಂಸ್ಟೇಗಳಿಗೆ ಬರವಿಲ್ಲ. ಬ್ಯಾಗ್ ಸಾಗಿಸಲು ಜೀಪುಗಳಿವೆ. ನಕ್ಷೆಯ ಅಡ್ಡಿಯೂ ಈಗ ಕಡಿಮೆ: 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿದೆ. ಗೈಡ್ ಬೇಕೇ ಬೇಕಾದ ದಾರಿಗಳಿಗೂ ಮಾದರಿ ದೂರವಿಲ್ಲ. ಪಕ್ಕದ ತಮಿಳುನಾಡು 2018ರ ಮಾರ್ಚ್‌ನಲ್ಲಿ ಕುರಂಗಣಿಯ ಕಾಳ್ಗಿಚ್ಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರನ್ನು ಕಳೆದುಕೊಂಡಿತು. 2024ರಲ್ಲಿ ಅಲ್ಲಿನ ಸರ್ಕಾರ 40 ದಾರಿಗಳನ್ನು ಸುಲಭ, ಸಾಧಾರಣ, ಕಠಿಣ ಎಂದು ವಿಂಗಡಿಸಿ, ಕಾಡಂಚಿನ ಯುವಜನರಿಗೆ ತರಬೇತಿ ಕೊಟ್ಟು ಗೈಡ್‌ಗಳನ್ನಾಗಿ ಮಾಡಿ, ಆನ್‌ಲೈನ್ ಬುಕಿಂಗ್ ತೆರೆಯಿತು. ನಮ್ಮಲ್ಲೂ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಪ್ರಥಮ ಚಿಕಿತ್ಸೆ, ಗುಂಪು ನಿಭಾಯಿಸುವುದು, ರಕ್ಷಣೆಯ ಪಾಠಗಳನ್ನು ಅಂಥ ಸಂಸ್ಥೆ ಘಟ್ಟದ ಯುವಕ ಯುವತಿಯರಿಗೆ ಅವರ ಊರಿಗೇ ಹೋಗಿ ಕಲಿಸಬಹುದು.

ಇದಕ್ಕೆಲ್ಲ ಕಾಲ ಹಿಡಿಯುತ್ತದೆ. ಕಾಲವಾಗಲಿ ದುಡ್ಡಾಗಲಿ ಹೆಚ್ಚು ಬೇಡದ ಕೆಲಸವೂ ಒಂದಿದೆ. ಪ್ರತಿ ದಾರಿಗೂ ವಾಪಸಾಗುವ ಗಂಟೆಯನ್ನು ಅರಣ್ಯ ಇಲಾಖೆ ಟಿಕೆಟ್ಟಿನ ಮೇಲೇ ಮುದ್ರಿಸಲಿ. ಆ ಹೊತ್ತಿಗೆ ಎಲ್ಲಿದ್ದರೂ ಗುಂಪು ತಿರುಗಬೇಕು, ಸ್ಥಳೀಯ ಗೈಡಿನ ಮಾತೇ ಕೊನೆ, ಶಿಖರ ಮುಟ್ಟದಿದ್ದರೂ ಅವನಿಗೆ ಪೂರ್ತಿ ಸಂಬಳ ಎಂಬ ಮೂರು ಸಾಲು ಅದರ ಕೆಳಗಿರಲಿ. ನೀವೂ ಈ ಸಲ ಬುಕ್ ಮಾಡುವ ಮುನ್ನ ಆಯೋಜಕರಿಗೆ ಫೋನ್ ಮಾಡಿ ಕೇಳಿ: ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ, ಅದನ್ನು ಹೇಳುವವರು ಯಾರು, ಅವರ ಹೆಸರೇನು? ಉತ್ತರಕ್ಕೆ ತಡವರಿಸಿದರೆ ಬೇರೆ ಗುಂಪು ಹುಡುಕಿಕೊಳ್ಳಿ.